ಏಡಿ ಮಾತು

ನಮ್ಮೂರಿನಲ್ಲಿ ಯಾರ ಮನೆ ಬಾಗಿಲಿಗಾದರೂ ಹಸಿರು ಬಟ್ಟೆ ಕಟ್ಟಿದ್ದರೆ ಆ ಮನೆಯವರನ್ನು ಏನೂ ಕೇಳಬಾರದು. ಹೆಣ್ಣು ಕೇಳಬಾರದು, ಗುದ್ದಲಿ ಕೇಳಬಾರದು, ಒಂದು ಲೋಟ ಸಕ್ಕರೆಯನ್ನೂ ಕೇಳಬಾರದು. ಒಳಗೆ ಗಾಜಿನ ತೊಟ್ಟಿಯಲ್ಲಿರುವ ಏಡಿ ಚಿಪ್ಪು ಕಳಚಿದೆ, ಮೈ ಮೆತ್ತಗಾಗಿದೆ ಎಂದು ಅದರ ಅರ್ಥ. ಏಡಿ ಮೆತ್ತಗಿರುವಷ್ಟು ದಿನ ಆ ಮನೆಯ ಜನರೂ ಮೆತ್ತಗಿರುತ್ತಾರೆ. ಕೇಳಿದ್ದನ್ನು ಕೊಟ್ಟುಬಿಡುತ್ತಾರೆ, ಕೇಳದೆ ಇದ್ದದ್ದನ್ನೂ ಹೇಳಿಬಿಡುತ್ತಾರೆ. ಇದು ಯಾಕೆ ಹೀಗೆ ಎಂದು ನಮ್ಮಲ್ಲಿ ಯಾರೂ ತಲೆ ಕೆಡಿಸಿಕೊಂಡಿಲ್ಲ. ಮಳೆ ಬಂದರೆ ಕೊಡೆ ಬಿಚ್ಚುತ್ತೇವೆ, ಏಡಿ ಕಳಚಿದರೆ ಬಟ್ಟೆ ಕಟ್ಟುತ್ತೇವೆ, ಅಷ್ಟೆ.

ಊರಿನ ವ್ಯವಹಾರವೆಲ್ಲ ಇದಕ್ಕೆ ಹೊಂದಿಕೊಂಡುಬಿಟ್ಟಿದೆ. ಮದುವೆಯ ಮಾತುಕತೆಗೆ ದಿನ ಗೊತ್ತುಮಾಡುವ ಮುಂಚೆ ಎರಡೂ ಕಡೆಯವರು ತಂತಮ್ಮ ತೊಟ್ಟಿ ನೋಡಿಕೊಳ್ಳುತ್ತಾರೆ. ಬೇಲಿ ಜಗಳ ತಾರಕಕ್ಕೇರಿರುವಾಗ ಒಬ್ಬನ ಮನೆಯ ಏಡಿ ಕಳಚುವ ಸೂಚನೆಯಾಗಿ ಮೇವು ಬಿಟ್ಟಿತೆಂದರೆ, ಎದುರಿನವನು ಗೊಣಗಿಕೊಂಡೇ ಮನೆಗೆ ಹೋಗಿ ಅದು ಗಟ್ಟಿಯಾಗಲೆಂದು ಕಾಯುತ್ತಾನೆ. ಒಂದು ವರ್ಷ ಶಾಲೆಯ ಗಣಿತದ ಮೇಷ್ಟ್ರು ಬಟ್ಟೆ ಕಟ್ಟಿದ ಮನೆಯೊಳಗೆ ಕೂತು ಉತ್ತರಪತ್ರಿಕೆ ತಿದ್ದಿ ಇಡೀ ತರಗತಿಯನ್ನು ಪಾಸು ಮಾಡಿದರು. ಅಂದಿನಿಂದ ಪರೀಕ್ಷೆ ಮುಗಿದ ಕೂಡಲೇ ಹೆಡ್ಮಾಸ್ತರರು ಮೇಷ್ಟ್ರುಗಳ ಮನೆಮನೆಗೆ ಹೋಗಿ ತೊಟ್ಟಿಯೊಳಗೆ ಇಣುಕಿ ಬರುತ್ತಾರೆ. ಇಷ್ಟೆಲ್ಲ ಪಡಿಪಾಟಲು ಪಡುವ ಬದಲು ಏಡಿಯನ್ನೇ ಸಾಕದಿದ್ದರಾಯಿತಲ್ಲ ಎಂದು ಹೊರಗಿನವರು ನಗುತ್ತಾರೆ. ಏಡಿ ಇಲ್ಲದ ಮನೆಯವರ ಮಾತನ್ನು ನಮ್ಮೂರಲ್ಲಿ ನಂಬುವವರು ಯಾರು?

ಆ ಮೆತ್ತನೆಯ ದಿನಗಳಲ್ಲಿ ಬಾಯಿಂದ ಬಿದ್ದ ಮಾತಿಗೆ ಏಡಿ ಮಾತು ಎಂದು ಹೆಸರು. ಅದನ್ನು ಕೇಳಿಸಿಕೊಂಡವರು 'ಆಗಲಿ' ಎಂದಷ್ಟೇ ಹೇಳಿ ಸುಮ್ಮನಾಗಬೇಕು. ಹಿಗ್ಗುವಂತಿಲ್ಲ, ಕುಗ್ಗುವಂತಿಲ್ಲ. ಏಡಿ ಮತ್ತೆ ಗಟ್ಟಿಯಾಗಿ, ಕಲ್ಲಿನ ಸಂದಿಯಿಂದ ಹೊರಬಂದು ಗಾಜನ್ನು ಕಟಕಟ ಬಡಿಯುವವರೆಗೂ ತೊಟ್ಟಿಗೆ ಮುಚ್ಚಿದ ಬಟ್ಟೆ ತೆಗೆಯುವಂತಿಲ್ಲ. ಬಡಿದ ಮೇಲೆ, ಮಾತು ಕೇಳಿಸಿಕೊಂಡವರು ಆಡಿದವರನ್ನು ಒಂದೇ ಒಂದು ಸಲ 'ಗಟ್ಟಿಯಾ?' ಎಂದು ಕೇಳುತ್ತಾರೆ. 'ಗಟ್ಟಿ' ಎಂದರೆ ಆ ಮಾತು ನಿಂತಿತು. 'ಏಡಿ ಮಾತು' ಎಂದರೆ ಅಲ್ಲಿಗೆ ಮುಗಿಯಿತು. ಆಮೇಲೆ ಮುನಿಸಿಕೊಳ್ಳಬಾರದು, ಆ ವಿಷಯವನ್ನು ಆ ಮನೆಯಲ್ಲಿ ಮತ್ತೆಂದೂ ಎತ್ತಬಾರದು. ಇನ್ನು ಏಡಿ ಗಟ್ಟಿಯಿದ್ದಾಗ ಆಡಿದ ಮಾತಿಗೆ ಈ ಕೇಳುವುದು ಹೇಳುವುದು ಯಾವುದೂ ಇಲ್ಲ. ಅದು ಹುಟ್ಟುವಾಗಲೇ ಗಟ್ಟಿ, ತಪ್ಪಿದವನ ಮುಖವನ್ನು ಊರಿನವರು ನೋಡುವುದಿಲ್ಲ.

ಗಾಜು ಕತ್ತರಿಸಿ ತೊಟ್ಟಿ ಕಟ್ಟುವುದು ನನ್ನ ಕಸುಬು. ಊರಿನ ಅರ್ಧಕ್ಕರ್ಧ ಏಡಿಗಳು ನಾನು ಕಟ್ಟಿದ ತೊಟ್ಟಿಗಳಲ್ಲಿಯೇ ಇವೆ. ತೊಟ್ಟಿಯ ಜತೆಗೆ ಬುದ್ಧಿಯನ್ನೂ ಹೇಳಿ ಕಳಿಸಬೇಕು, ಅದು ಇನ್ನೊಂದು ತಲೆನೋವು. ಜನ ತೊಟ್ಟಿಯ ತುಂಬ ನೀರು ತುಂಬಿಸಿ, ಏಡಿಯನ್ನು ಮೀನೆಂದು ತಿಳಿದುಕೊಳ್ಳುತ್ತಾರೆ. ಏಡಿಗೆ ಮುಳುಗುವಷ್ಟು ನೀರೂ ಬೇಕು, ಹತ್ತಿ ಕೂರಲು ಕಲ್ಲೂ ಬೇಕು. ಮುಚ್ಚಳದ ಮೇಲೆ ಭಾರ ಇಡದಿದ್ದರೆ ಬೆಳಗಾಗುವುದರೊಳಗೆ ಅದು ಅಕ್ಕಿ ಡಬ್ಬದ ಹಿಂದೆ ಇರುತ್ತದೆ. ಸೋಪು ಹಚ್ಚಿದ ಕೈ ಅದ್ದಬಾರದು, ಒಂದೇ ತೊಟ್ಟಿಯಲ್ಲಿ ಎರಡು ಏಡಿ ಬಿಡಬಾರದು, ಕಳಚಿದ ಚಿಪ್ಪನ್ನು ತೆಗೆದು ಬಿಸಾಡಬಾರದು. ಆ ಚಿಪ್ಪನ್ನೇ ತಿಂದು ಅದು ಗಟ್ಟಿಯಾಗಬೇಕು. ಇದನ್ನೆಲ್ಲ ನಾನು ಬೈಯುವ ದನಿಯಲ್ಲೇ ಹೇಳುತ್ತೇನಂತೆ. ಹಾಗೆಂದು ನನ್ನ ಹೆಂಡತಿ ಸರ್ವಮಂಗಳ ಹೇಳುತ್ತಾಳೆ. ಇರಬಹುದು. ಊರಿನಲ್ಲಿ ನಾಗಭೂಷಣ ಎಂದರೆ ಗಟ್ಟಿ ಆಳು, ಒಮ್ಮೆ ಬೇಡ ಎಂದರೆ ಬೇಡವೇ ಎಂದು ಹೆಸರಿದೆ, ಆ ಹೆಸರು ನನಗೆ ಇಷ್ಟವೂ ಆಗಿತ್ತು.

ನಮಗೆ ಮಕ್ಕಳಿಲ್ಲ. ಸರ್ವಮಂಗಳಳ ತಂಗಿ ಹೆರಿಗೆಯಾದ ಸ್ವಲ್ಪ ದಿನಕ್ಕೇ ತೀರಿಕೊಂಡಾಗ, ಆ ಕೂಸನ್ನು ಅವಳ ಗಂಡ ಪರಮೇಶಿ ತಂದು ನಮ್ಮ ಮಡಿಲಿಗೆ ಹಾಕಿದ. ಪರಮೇಶಿ ಎಂದರೆ ನನ್ನ ಷಡ್ಡಕ, ಹೊಳೆಯಾಚೆಯ ಊರಿನವನು. ಕೂಸಿನ ಹೆಸರು ಶರ್ಮಿಳಾ. ನಮ್ಮ ಮನೆಯಲ್ಲೇ ಅಂಬೆಗಾಲಿಟ್ಟಳು, ನಮ್ಮ ಮನೆಯಲ್ಲೇ ಮಾತು ಕಲಿತಳು. ನನ್ನನ್ನು ದೊಡ್ಡಪ್ಪ ಎನ್ನಲು ಬಾರದೆ ದೊಪ್ಪ ಎನ್ನುತ್ತಿದ್ದಳು. ಗಾಜಿನ ಚೂರು ತುಳಿದಾಳೆಂದು ನಾನು ಅಂಗಡಿಯನ್ನು ದಿನಕ್ಕೆ ಎಷ್ಟು ಸಲ ಗುಡಿಸುತ್ತಿದ್ದೆನೋ. ತನ್ನ ಟವೆಲನ್ನು ತಾನೇ ಹಾಕಿಕೊಳ್ಳಬೇಕೆಂದು ಹಟ ಮಾಡಿದಳೆಂದು ನಡುಮನೆಯ ಗೋಡೆಗೆ ನನ್ನ ಮೊಣಕಾಲೆತ್ತರದಲ್ಲಿ ಒಂದು ಮೊಳೆ ಹೊಡೆದೆ. ಅವಳಿಗೆ ನಾಲ್ಕು ತುಂಬುವ ಹೊತ್ತಿಗೆ ಪರಮೇಶಿ ಇನ್ನೊಂದು ಮದುವೆಯಾದ. ಆದ ಮೇಲೆ ಒಂದು ದಿನ ಬಂದು, ಕಾಫಿ ಕುಡಿದು, ಮಗಳನ್ನು ಎತ್ತಿಕೊಂಡು ಹೊರಟ. ಅವನ ಮಗಳು, ಅವನ ಇಷ್ಟ, ನಾನು ಏನು ಹೇಳಲಿ. ಬಸ್ಸು ಹತ್ತುವಾಗ ಅವಳು ಅಳಲಿಲ್ಲ, ಸಂಜೆಗೆ ವಾಪಸ್ಸು ಬರುತ್ತೇನೆ ಎಂದುಕೊಂಡಿದ್ದಳು. ಬಸ್ ಸ್ಟ್ಯಾಂಡಿನಲ್ಲಿ ಹತ್ತು ಜನರೆದುರು ನಾನು ಹೇಳಿದೆ, ಇನ್ನು ಆ ಮಗು ನನ್ನ ಹೊಸ್ತಿಲು ತುಳಿಯಕೂಡದು ಎಂದು. ಆಗ ನಮ್ಮ ಮನೆಯ ಏಡಿ ಗಟ್ಟಿಯಾಗಿಯೇ ಇತ್ತು.

ಈ ಸಲ ಬೇಸಿಗೆಯ ಕೊನೆಗೆ ಪರಮೇಶಿ ನನ್ನ ಅಂಗಡಿಗೆ ಬಂದು ಕೂತ. ಅವರ ಊರಲ್ಲಿ ಏಡಿ ಗೀಡಿ ಇಲ್ಲ, ಅವರು ಯಾವಾಗ ಬೇಕಾದರೂ ಏನು ಬೇಕಾದರೂ ಕೇಳುತ್ತಾರೆ. ಸುತ್ತಿ ಬಳಸಿ ವಿಷಯಕ್ಕೆ ಬಂದ. ಹೊಸ ಹೆಂಡತಿಗೆ ಎರಡು ಸಣ್ಣ ಮಕ್ಕಳು, ಮನೆ ಇಕ್ಕಟ್ಟು, ಹುಡುಗಿಗೂ ಅವಳಿಗೂ ಹೊಂದಿಕೆಯಿಲ್ಲ. ನೀವು ಇಟ್ಟುಕೊಳ್ಳುವುದಾದರೆ ಸರಿ, ಇಲ್ಲದಿದ್ದರೆ ಶಾಲೆ ತೆರೆಯುವ ಹೊತ್ತಿಗೆ ದೂರದ ಹಾಸ್ಟೆಲಿಗೆ ಸೇರಿಸುತ್ತೇನೆ, ಅಲ್ಲಿ ಒಬ್ಬರ ಹತ್ತಿರ ಮಾತಾಡಿಯೂ ಆಗಿದೆ ಎಂದ. ಎಂಟು ವರ್ಷದ ಹುಡುಗಿ. ನನಗೆ ಮೈಯೆಲ್ಲ ಉರಿದುಹೋಯಿತು. "ಬೇಕಾದಾಗ ತಗೊಂಡು ಹೋಗಿ ಬೇಡದಾಗ ತಂದಿಡೋಕೆ ಅದೇನು ಏಣಿಯೇನಯ್ಯಾ?" ಎಂದೆ. ಅವನು ತಲೆ ತಗ್ಗಿಸಿಕೊಂಡು ಎದ್ದು ಹೋದ.

ಮನೆಗೆ ಬಂದು ಹೇಳಿದರೆ ಸರ್ವಮಂಗಳ ಜಗಳಕ್ಕೆ ಬರಬಹುದೆಂದು ನಾನು ಸಿದ್ಧನಾಗಿಯೇ ಇದ್ದೆ. ಅವಳು ಜಗಳ ಮಾಡಲಿಲ್ಲ. ಒಂದೇ ಸಲ ಕೇಳಿದಳು, ಮಗುವಿನ ತಪ್ಪೇನು ಎಂದು. ನಾನು, ತಪ್ಪು ಒಪ್ಪಿನ ಪ್ರಶ್ನೆಯಲ್ಲ, ಬೇಡ ಎಂದರೆ ಬೇಡ ಎಂದೆ. ಮರುದಿನದಿಂದ ಅವಳು ಎಂದಿನಂತೆ ಅಡುಗೆ ಮಾಡಿದಳು, ಎಂದಿನಂತೆ ಮಜ್ಜಿಗೆಗೆ ಒಗ್ಗರಣೆ ಹಾಕಿದಳು, ಎಂದಿನಂತೆ ಏಡಿಗೆ ನೆನೆಸಿದ ಕಡಲೆಬೀಜ ಮತ್ತು ಹರಿವೆ ಸೊಪ್ಪು ಹಾಕಿದಳು. ಮಾತು ಮಾತ್ರ ಕಡಿಮೆಯಾಯಿತು. ಮುಖ ಊದಿಸಿಕೊಂಡಿದ್ದರೆ ನಾನೂ ಊದಿಸಿಕೊಂಡು ಇದ್ದುಬಿಡುತ್ತಿದ್ದೆ. ಅವಳದು ಸಿಟ್ಟಲ್ಲ, ಯಾರೋ ತೀರಿಹೋದವರ ಮನೆಯಲ್ಲಿ ಜನ ಓಡಾಡುತ್ತಾರಲ್ಲ, ಹಾಗೆ ಓಡಾಡುತ್ತಿದ್ದಳು. ಶಾಲೆ ತೆರೆಯುವ ದಿನ ಹತ್ತಿರವಾಗುತ್ತಿತ್ತು. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಅಷ್ಟರಲ್ಲಿ ಏಡಿ ಮೇವು ಬಿಟ್ಟಿತು. ಹಾಕಿದ ಸೊಪ್ಪು ಹಾಗೇ ತೇಲುತ್ತಿತ್ತು. ಬೆನ್ನಿನ ಬಣ್ಣ ಮಂಕಾಯಿತು, ಕಲ್ಲಿನ ಹಿಂದೆ ಮರಳು ಕೆದರಿಕೊಂಡು ಒಳಗೆ ಸೇರಿತು. ಇವೆಲ್ಲ ಕಳಚುವ ಮುಂಚಿನ ಲಕ್ಷಣಗಳು, ನನಗೆ ಯಾರೂ ಹೇಳಿಕೊಡಬೇಕಿಲ್ಲ. ಒಂದು ಬೆಳಗ್ಗೆ ಸರ್ವಮಂಗಳ ಕಸ ಗುಡಿಸುತ್ತ ತೊಟ್ಟಿಯ ಹತ್ತಿರ ನಿಂತು, ಕಳಚಿದೆ ನೋಡಿ ಎಂದಳು. ನೋಡಿದೆ. ಕಲ್ಲಿನ ಬುಡದಲ್ಲಿ, ನೀರಿನ ಅಂಚಿಗೆ, ಏಡಿಯ ಆಕಾರ ಕಾಲು ಚಾಚಿಕೊಂಡು ಅಲ್ಲಾಡದೆ ಬಿದ್ದಿತ್ತು. ಖಾಲಿ ಚಿಪ್ಪು ಕೂಡ ನೋಡುವುದಕ್ಕೆ ಇಡೀ ಏಡಿಯ ಹಾಗೆಯೇ ಇರುತ್ತದೆ, ಕಣ್ಣಿನ ಗುಬಟು ಸಹಿತ. ಅಸಲಿ ಏಡಿ ಹಿಂದೆ ಮರಳೊಳಗೆ ಅಡಗಿರುತ್ತದೆ. ಆ ಹೊತ್ತಿನಲ್ಲಿ ಕೈ ಹಾಕಿ ಕೆದಕಿದರೆ ಮೆತ್ತನೆಯ ಮೈಗೆ ಪೆಟ್ಟಾಗುತ್ತದೆ. ಆದ್ದರಿಂದ ನಾವಿಬ್ಬರೂ ಮುಟ್ಟಲಿಲ್ಲ. ಅವಳು ತೊಟ್ಟಿಗೆ ಒಂದು ಹಸಿರು ಬಟ್ಟೆ ಮುಚ್ಚಿದಳು, ಬಾಗಿಲಿಗೆ ಒಂದು ಕಟ್ಟಿದಳು.

ಬಟ್ಟೆ ಕಟ್ಟಿದ ಮೇಲೆ ನನಗೆ ಒಂದು ಥರ ಹಾಯೆನಿಸಿತು. ಇದನ್ನು ಬೇರೆಯವರು ಒಪ್ಪಿಕೊಳ್ಳಲಿಕ್ಕಿಲ್ಲ, ಆದರೆ ನಮ್ಮೂರಿನ ಗಟ್ಟಿ ಆಳುಗಳೆಲ್ಲರಿಗೂ ಆಗುವುದು ಅದೇ. ಹೆಗಲಿಂದ ಒಂದು ಮೂಟೆ ಇಳಿಸಿದ ಹಾಗೆ. ಇನ್ನು ನಾನು ಏನು ಮಾಡಿದರೂ ಮಾಡುವವನು ನಾನಲ್ಲ, ಏಡಿ. ಪಕ್ಕದ ಮನೆಯ ಚೆನ್ನಾಜಮ್ಮನ ಜೊತೆ ಬಚ್ಚಲ ನೀರು ಯಾವ ಕಡೆ ಹರಿಯಬೇಕೆಂದು ಹಳೆಯ ತಕರಾರಿತ್ತು. ಆ ದಿನ ನಾನೇ ಗುದ್ದಲಿ ಹಿಡಿದು ಅವಳು ಹೇಳುತ್ತಿದ್ದ ಕಡೆಗೇ ಕಾಲುವೆ ತಿರುಗಿಸಿಕೊಟ್ಟೆ. ಅವಳು ನಮ್ಮ ಬಾಗಿಲ ಬಟ್ಟೆಯನ್ನು ಒಮ್ಮೆ ನೋಡಿ, ಆಗಲಿ ಎಂದಳು. ಅಂಗಡಿಗೆ ಬಂದ ಒಬ್ಬನಿಗೆ ಬೈಯದೆ, ತೊಟ್ಟಿಯಲ್ಲಿ ಕಲ್ಲು ಹೇಗೆ ಪೇರಿಸಬೇಕೆಂದು ಕೂತು ತೋರಿಸಿದೆ. ಅವನೂ ಹೆದರಿಕೊಂಡವನಂತೆ ಆಗಲಿ ಆಗಲಿ ಎಂದು ಎದ್ದು ಹೋದ.

ಅವತ್ತೇ ರಾತ್ರಿ ಊಟಕ್ಕೆ ಕೂತಿದ್ದೆವು. ನನ್ನ ಕಣ್ಣು ಎದುರಿನ ಗೋಡೆಯ ಮೊಳೆಯ ಮೇಲೆ ಹೋಯಿತು. ಅದನ್ನು ನಾನು ಕಿತ್ತಿರಲಿಲ್ಲ, ಸುಣ್ಣ ಬಳಿಯುವಾಗಲೂ ಅದರ ಸುತ್ತ ಬಳಿದು ಬಿಟ್ಟಿದ್ದೆ. "ಮಂಗಳಾ, ಆ ಮಗೂನ ಕರ್ಕೊಂಡು ಬಂದ್ಬಿಡೋಣ" ಎಂದೆ. ಅವಳ ಕೈಯಲ್ಲಿದ್ದ ಸೌಟು ಗಾಳಿಯಲ್ಲೇ ನಿಂತಿತು. ಆಮೇಲೆ ಅವಳು ನಮ್ಮೂರಿನ ಹೆಂಗಸಾಗಿ, ಆಗಲಿ ಎಂದು ಹೇಳಿ ಸಾರು ಬಡಿಸಿದಳು.

ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಲಿಲ್ಲ. ಹಿಂದಿನ ವರ್ಷ ಗಾಜು ತರಲೆಂದು ಪೇಟೆಗೆ ಹೋದವನು ಹೊಳೆಯಾಚೆಯ ಊರಿನಲ್ಲಿ ಇಳಿದು, ಶಾಲೆಯ ಬೇಲಿಯ ಹತ್ತಿರ ನಿಂತಿದ್ದನ್ನು ಹೇಳಿದೆ. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಆಟದ ಬೆಲ್ಲು ಹೊಡೆದಾಗ ಮಕ್ಕಳೆಲ್ಲ ನಲ್ಲಿಗೆ ನುಗ್ಗಿದರು. ಶರ್ಮಿಳಾ ಎಲ್ಲರಿಗಿಂತ ಹಿಂದೆ ನಿಂತಿದ್ದಳು. ಸರದಿ ಬರುವ ಹೊತ್ತಿಗೆ ಮತ್ತೆ ಬೆಲ್ಲಾಯಿತು, ನೀರು ಕುಡಿಯದೆಯೇ ಹೊರಟಳು. ಬೇಲಿಯ ಪಕ್ಕದಲ್ಲೇ ಹಾದು ಹೋದಳು, ನನ್ನ ಮುಖ ನೋಡಿದಳು. "ನನ್ನ ಗುರುತು ಹಿಡೀಲಿಲ್ಲ ಕಣೇ, ಯಾರೋ ಸೌದೆ ಮಾರೋನು ಅಂದ್ಕೊಂಡಿರಬೇಕು" ಎಂದೆ. ಸರ್ವಮಂಗಳ ಇದಕ್ಕೂ ಆಗಲಿ ಎನ್ನಬೇಕಾಗಿತ್ತು. ಅವಳು ಎದ್ದು, ಎಂಜಲು ಕೈಯಲ್ಲೇ ನನ್ನ ಪಕ್ಕ ಬಂದು ಕೂತಳು. ನನಗೆ ನಿಮ್ಮ ಮೇಲೆ ಸಿಟ್ಟಿಲ್ಲ ಎಂದಳು. ಅದೂ ಏಡಿ ಮಾತೇ ಇರಬೇಕೆಂದು ನಾನು ಆಗಲಿ ಎಂದೆ.

ಮರುದಿನ ಎದ್ದಾಗಿನಿಂದ ನನಗೆ ಕಸಿವಿಸಿ ಶುರುವಾಯಿತು. ಏಡಿ ಇವತ್ತಲ್ಲ ನಾಳೆ ಗಾಜು ಬಡಿಯುತ್ತದೆ. ಬಡಿದ ಮೇಲೆ ಅವಳು ಕೇಳುತ್ತಾಳೆ. ಆಗ ಏನು ಹೇಳುವುದು? ಯೋಚಿಸಿ ಯೋಚಿಸಿ, ಏಡಿ ಮಾತು ಎಂದೇ ಹೇಳುವುದೆಂದು ನಿಶ್ಚಯಿಸಿದೆ. ಹಟ ಮಾತ್ರ ಕಾರಣವಲ್ಲ. ಆ ಮಗುವನ್ನು ಕರೆತಂದು, ಅದು ಮತ್ತೆ ನನ್ನ ಮುಖ ಕಲಿತು, ಮತ್ತೆ ನನಗೆ ಒಂದು ಹೆಸರಿಟ್ಟು, ಆಮೇಲೆ ಇನ್ನೊಂದು ದಿನ ಪರಮೇಶಿ ಬಂದು ಕಾಫಿ ಕುಡಿದರೆ? ನನಗೆ ಹೆದರಿಕೆಯಾಗಿತ್ತು. ಊರಿಗೆಲ್ಲ ಗಟ್ಟಿ ಎನಿಸಿಕೊಂಡವನು ಒಂದು ಮಗುವಿಗೆ ಹೆದರುತ್ತಿದ್ದೆ ಎಂದರೆ ನಗು ಬರಬಹುದು, ನನಗೆ ಆಗ ನಗು ಬಂದಿರಲಿಲ್ಲ. ಒಂದು ಸಲ ಏಡಿ ಮಾತು ಎಂದುಬಿಟ್ಟರೆ ಸರ್ವಮಂಗಳ ಬಾಯಿಗೆ ಬೀಗ ಹಾಕಿಕೊಳ್ಳುತ್ತಾಳೆ. ಸಾಯುವವರೆಗೂ ಆ ಹೆಸರು ಮನೆಯಲ್ಲಿ ಏಳುವುದಿಲ್ಲ. ಅಷ್ಟಾದರೆ ಸಾಕು, ಉಳಿದದ್ದನ್ನು ಹೇಗೋ ನುಂಗಿಕೊಂಡರಾಯಿತು ಎಂದುಕೊಂಡೆ.

ಏಡಿ ಬಡಿಯಲಿಲ್ಲ. ಬದಲಿಗೆ ವಾಸನೆ ಬರಲು ಶುರುವಾಯಿತು. ಮೊದಲು ತಿರುಗಿಸಿದ ಬಚ್ಚಲ ಕಾಲುವೆಯದೇ ಎಂದುಕೊಂಡೆವು. ಸರ್ವಮಂಗಳ ಅದಕ್ಕೆ ಎರಡು ಕೊಡ ನೀರು ಸುರಿದು ಬಂದಳು. ಆಮೇಲೆ ಅವಳು ತರಕಾರಿಗೆಂದು ಸಂತೆಗೆ ಹೋದಾಗ ನಾನು ಮನೆಯಲ್ಲಿ ಒಬ್ಬನೇ ಇದ್ದೆ. ವಾಸನೆ ಬರುತ್ತಿದ್ದದ್ದು ತೊಟ್ಟಿಯಿಂದಲೇ. ಬಡಿಯುವ ಮುಂಚೆ ಬಟ್ಟೆ ಎತ್ತಬಾರದು. ಎತ್ತಿದೆ. ನೀರು ಕಲಗಚ್ಚಿನ ಹಾಗಾಗಿತ್ತು. ಕಲ್ಲಿನ ಬುಡದಲ್ಲಿ ಆ ಚಿಪ್ಪು ಹಾಗೇ ಬಿದ್ದಿತ್ತು. ಅದನ್ನು ಏಡಿ ಒಂದು ಚೂರೂ ತಿಂದಿರಲಿಲ್ಲ. ಕೈ ಹಾಕಿ ಎತ್ತಿಕೊಂಡೆ.

ಖಾಲಿ ಚಿಪ್ಪಿಗೆ ತೂಕವೇ ಇರುವುದಿಲ್ಲ. ಅಂಗೈಯಲ್ಲಿ ಇಟ್ಟುಕೊಂಡು ಉಸಿರು ಬಿಟ್ಟರೆ ಅಲ್ಲಾಡುತ್ತದೆ, ನಮ್ಮೂರಿನ ಮಕ್ಕಳಿಗೂ ಅದು ಗೊತ್ತು. ಇದು ಹಾಗಿರಲಿಲ್ಲ. ಇದರೊಳಗೆ ಏಡಿ ಇತ್ತು. ಹಿಂದಿನ ಮರಳನ್ನೆಲ್ಲ ಕೆದಕಿ ನೋಡಿದೆ, ಅಲ್ಲಿ ಇನ್ನೇನೂ ಇರಲಿಲ್ಲ. ಅದು ಕಳಚಿಯೇ ಇರಲಿಲ್ಲ. ಕಳಚಲಾಗದೆ ಸತ್ತುಹೋಗಿತ್ತು, ನಾವು ಬಟ್ಟೆ ಕಟ್ಟಿದ ಆ ಬೆಳಗ್ಗೆಗಿಂತ ಮುಂಚೆಯೇ.

ಮೊದಲು ಅನಿಸಿದ್ದು ನಾಚಿಕೆ. ಊರಿಗೆಲ್ಲ ತೊಟ್ಟಿ ಕಟ್ಟಿಕೊಟ್ಟು ಬುದ್ಧಿ ಹೇಳುವವನು ಹೆಣವನ್ನು ಚಿಪ್ಪೆಂದು ತಿಳಿದು ಬಟ್ಟೆ ಹೊದಿಸಿದ್ದೆ. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು. ಮನೆಯಲ್ಲಿ ಮೆತ್ತನೆಯ ಏಡಿ ಇರಲೇ ಇಲ್ಲ. ಹಾಗಾದರೆ ಚೆನ್ನಾಜಮ್ಮನಿಗೆ ಕಾಲುವೆ ಬಿಟ್ಟುಕೊಟ್ಟವನು ಯಾರು? ಅಂಗಡಿಯಲ್ಲಿ ಕೂತು ಕಲ್ಲು ಪೇರಿಸಿ ತೋರಿಸಿದವನು ಯಾರು? ಊಟಕ್ಕೆ ಕೂತು ಮಗುವಿನ ಮಾತೆತ್ತಿದವನು ಯಾರು? ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಹುಡುಕಿದೆ. ಏಡಿ ಸತ್ತಿತ್ತು, ಅದರ ಮೇಲೆ ಹಾಕುವಂತಿರಲಿಲ್ಲ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಕಟ್ಟಳೆ ನೋಡಿದರೆ ಮಾತು ಆಗಲೇ ಗಟ್ಟಿಯಾಗಿ ಹೋಗಿತ್ತು. ಏಡಿ ಮೆತ್ತಗಾಗದ ದಿನ ಆಡಿದ್ದು ಏಡಿ ಮಾತಲ್ಲ. ಆದರೆ ಅದು ಮೆತ್ತಗಾಗಿರಲಿಲ್ಲ ಎಂದು ಗೊತ್ತಿದ್ದವನು ನಾನೊಬ್ಬನೇ. ಬುದ್ಧಿ ಎಲ್ಲಿಗೆ ಓಡಬೇಕೋ ಅಲ್ಲಿಗೇ ಓಡಿತು. ತೊಟ್ಟಿಯಲ್ಲಿ ಒಂದು ಗಟ್ಟಿ ಏಡಿ ಗಾಜು ಬಡಿದರೆ ಸಾಕು, ಆಡಿದ್ದನ್ನು ಏಡಿ ಮಾತೆಂದು ತಳ್ಳಿಬಿಡಬಹುದು. ಕೊಳೆತ ನೀರು ಚೆಲ್ಲಿ, ತೊಟ್ಟಿ ತೊಳೆದು, ಬೆಳಗ್ಗೆ ಹಿಡಿದಿಟ್ಟಿದ್ದ ನೀರು ತುಂಬಿಸಿ, ಮರಳು ಕಲ್ಲು ಹಾಕಿ, ಮತ್ತೆ ಬಟ್ಟೆ ಮುಚ್ಚಿದೆ. ಸತ್ತ ಏಡಿಯನ್ನು ಹಿತ್ತಿಲ ಕಲ್ಲಿನ ಮೇಲಿಟ್ಟೆ. ಒಂದು ಬಕೆಟ್ಟು, ಒಂದು ಚೂರು ಕೊಬ್ಬರಿ, ಒಂದು ದಾರ ತೆಗೆದುಕೊಂಡು ಹಳ್ಳಕ್ಕೆ ಓಡಿದೆ. ಕೊಬ್ಬರಿ ಕಟ್ಟಿದ ದಾರವನ್ನು ಬಂಡೆಯ ಕೆಳಗೆ ಬಿಟ್ಟರೆ ಏಡಿ ಅದನ್ನು ಹಿಡಿದುಕೊಂಡು, ಬಿಡಲೊಲ್ಲದೆ ಹೊರಗೆ ಬಂದುಬಿಡುತ್ತದೆ. ನಾಲ್ಕಾರು ಬಂದವು. ಸಣ್ಣವನ್ನು ಬಿಟ್ಟು, ನಮ್ಮದರಷ್ಟೇ ಅಗಲದ ಒಂದನ್ನು ಆರಿಸಿದೆ. ಅದು ಬಕೆಟ್ಟಿಗೆ ಬೀಳುವ ಮುಂಚೆ ನನ್ನ ಹೆಬ್ಬೆರಳನ್ನು ಚೆನ್ನಾಗಿಯೇ ಕಚ್ಚಿ ಹಿಡಿಯಿತು. ಅದರ ಗಟ್ಟಿತನದಲ್ಲಿ ಅನುಮಾನವಿರಲಿಲ್ಲ.

ಮನೆಗೆ ಬಂದಾಗ ಸರ್ವಮಂಗಳ ಇನ್ನೂ ಬಂದಿರಲಿಲ್ಲ. ಹೊಸ ಏಡಿಯನ್ನು ಬಟ್ಟೆಯ ಅಡಿಯಿಂದ ತೊಟ್ಟಿಗೆ ಬಿಟ್ಟು ಮುಚ್ಚಳದ ಮೇಲೆ ಭಾರ ಇಟ್ಟೆ. ಇನ್ನು ಉಳಿದದ್ದು ಸತ್ತದ್ದನ್ನು ಹೂಳುವುದು. ಹಿತ್ತಿಲಿಗೆ ಹೋಗಿ ಅದನ್ನು ಕೈಗೆ ತೆಗೆದುಕೊಂಡೆ. ದಾಸವಾಳದ ಬುಡದಲ್ಲಿ ಗುಂಡಿ ತೋಡೋಣವೆಂದು ಬಗ್ಗಬೇಕು, ಅಷ್ಟರಲ್ಲಿ ಹಿಂದಿನಿಂದ ತರಕಾರಿ ಚೀಲ ಕೆಳಗಿಟ್ಟ ಸದ್ದಾಯಿತು. ಸರ್ವಮಂಗಳ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನನ್ನ ಒದ್ದೆ ಪಂಚೆ, ಕೆಸರು ಕಾಲು, ಅಂಗೈ ಎಲ್ಲವನ್ನೂ ನೋಡಿದಳು. "ಚಿಪ್ಪು ಯಾಕ್ರೀ ತೆಗೆದ್ರಿ? ಅದು ತಿನ್ನೋದು ಬೇಡ್ವಾ?" ಎಂದಳು.

ನಾನು ಬಾಯಿ ತೆರೆಯುವ ಅಗತ್ಯವೇ ಇರಲಿಲ್ಲ. ಅವಳೇ ಸುಳ್ಳನ್ನು ಸಿದ್ಧಮಾಡಿ ಕೈಗಿಟ್ಟಂತಾಗಿತ್ತು. ಹೂಂ ಎಂದು ತಲೆಯಾಡಿಸಿದ್ದರೆ ಮುಗಿಯುತ್ತಿತ್ತು. ಇದು ಸಾಲದೆಂಬಂತೆ ಒಳಗಿನಿಂದ ಕಟಕಟ ಸದ್ದು ಬಂತು. ಹೊಸ ಏಡಿಗೆ ತೊಟ್ಟಿ ಹೊಸದು, ಗಾಜಿಗೆ ಬಡಿದುಕೊಳ್ಳುತ್ತಿತ್ತು. ಸರ್ವಮಂಗಳ ತಟ್ಟನೆ ಒಳಗೆ ತಿರುಗಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಸೆರಗು ಸರಿಮಾಡಿಕೊಂಡಳು. ಕೇಳುವ ಹಕ್ಕು ಈಗ ಅವಳದು, ಅದೂ ಒಂದೇ ಸಲ.

"ಗಟ್ಟಿಯಾ?" ಎಂದು ಕೇಳಿದಳು.

ಏಡಿ ಮಾತು ಎಂಬ ಎರಡು ಪದ ನನ್ನ ನಾಲಗೆಯ ಮೇಲೆ ಆಗಲೇ ಬಂದು ಕೂತಿದ್ದವು. ಹಳ್ಳದಿಂದ ಬರುವ ದಾರಿಯುದ್ದಕ್ಕೂ ಅವನ್ನೇ ಹೇಳಿ ಹೇಳಿ ಅಭ್ಯಾಸ ಮಾಡಿಕೊಂಡು ಬಂದಿದ್ದೆ. ಅಷ್ಟರಲ್ಲಿ ಅವಳ ಮುಖ ನೋಡಿದೆ, ಅದೇ ನಾನು ಮಾಡಿದ ತಪ್ಪು. ಅವಳು ಗಟ್ಟಿ ಎಂಬ ಉತ್ತರಕ್ಕೆ ಕಾಯುತ್ತಿರಲಿಲ್ಲ. ಇಷ್ಟು ವರ್ಷ ನನ್ನ ಜೊತೆ ಬಾಳಿದವಳು, ನಾನು ಏನು ಹೇಳುತ್ತೇನೆಂದು ಅವಳಿಗೆ ಗೊತ್ತಿತ್ತು. ಕೇಳಿ ಬೇಸರಪಡಬಾರದಲ್ಲ, ಅದಕ್ಕಾಗಿ ಮುಖವನ್ನು ಮುಂಚೆಯೇ ಸಮಾಧಾನದಲ್ಲಿ ಇಟ್ಟುಕೊಂಡಿದ್ದಳು. ತುಟಿಯಲ್ಲಿ ಸಣ್ಣ ನಗುವನ್ನೂ ತಂದುಕೊಂಡಿದ್ದಳು, ನನಗೆ ಕಷ್ಟವಾಗದಿರಲಿ ಎಂದು. ಆ ನಗುವನ್ನು ಹೊತ್ತು ಅವಳು ಇನ್ನು ಮೇಲೆ ದಿನವೂ ಅಡುಗೆ ಮಾಡುತ್ತಾಳೆ, ದಿನವೂ ನನಗೆ ಬಡಿಸುತ್ತಾಳೆ, ಒಂದು ದಿನವೂ ಆ ಹೆಸರೆತ್ತುವುದಿಲ್ಲ ಎಂದು ನನಗೆ ಅರ್ಥವಾಯಿತು. ನಾನು ಬಯಸಿದ್ದೂ ಅದನ್ನೇ. ಅದು ಎದುರಿಗೆ ಬಂದು ನಿಂತಾಗ ನನ್ನ ಕೈಯಲ್ಲಿ ಸಹಿಸಲಾಗಲಿಲ್ಲ.

ಹತ್ತಿರ ಹೋಗಿ ಅವಳ ಕೈ ಹಿಡಿದು, ಸತ್ತ ಏಡಿಯನ್ನು ಅವಳ ಅಂಗೈಯಲ್ಲಿಟ್ಟೆ.

ಚಿಪ್ಪೆಂದು ತಿಳಿದು ಹಗುರವಾಗಿ ಚಾಚಿದ್ದ ಅವಳ ಕೈ ಸ್ವಲ್ಪ ಕೆಳಗೆ ಹೋಯಿತು. ಅವಳು ಅದನ್ನು ನೋಡಿದಳು, ಮತ್ತೊಮ್ಮೆ ಕೈಯಲ್ಲೇ ತೂಗಿದಳು. ಮೂಗಿನ ಹತ್ತಿರ ತಂದು ಮುಖ ಕಿವುಚಿದಳು. ಒಳಗೆ ಬಡಿಯುತ್ತಿದ್ದ ಸದ್ದಿನ ಕಡೆಗೂ, ನನ್ನ ಕಚ್ಚಿಸಿಕೊಂಡ ಹೆಬ್ಬೆರಳಿನ ಕಡೆಗೂ ಅವಳ ಕಣ್ಣು ಹೋಗಿ ಬಂತು. ಏನೇನು ನಡೆಯಿತೆಂದು ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಲ್ಲೇ ಬಾಗಿಲ ಮೆಟ್ಟಿಲ ಮೇಲೆ ಕೂತಳು. ಬೈಯುತ್ತಾಳೆಂದುಕೊಂಡೆ. ಬೈದಿದ್ದರೆ ಸರಿಯಾಗಿಯೇ ಇರುತ್ತಿತ್ತು. ಅವಳು ಬೈಯದೆ, ಏಡಿಯ ಮೇಲೆ ಇನ್ನೊಂದು ಕೈ ಮುಚ್ಚಿಕೊಂಡು, ನನ್ನ ಮುಖವನ್ನೇ ನೋಡಿದಳು. ಮದುವೆಯಾದ ಹೊಸತರಲ್ಲಿಯೂ ಹಾಗೆ ನೋಡಿರಲಿಲ್ಲ.

"ಹಾಗಾದ್ರೆ ಅವತ್ತು ಊಟಕ್ಕೆ ಕೂತಾಗ ಮಾತಾಡಿದ್ದು ಯಾರು?" ಎಂದು ಕೇಳಿದಳು.

"ನಾನೇ ಕಣೇ" ಎಂದೆ.